ರೋಬೊ ಸಾಯುವುದಿಲ್ಲ, ಅದಕ್ಕೆ ಜೀವ ಕೊಟ್ಟವರ ಗತಿ ಏನು?

ಟ್ರಾನ್ಸ್‌ಫಾರ್ಮರ್ಸ್ ಸರಣಿಯ ಕತೆ ಇಲ್ಲಿಗೆ ಮುಗಿಯಿತೇ ಎಂಬ ಚರ್ಚೆ ಅದರ ಅಭಿಮಾನಿಗಳ ನಡುವೆ ಆಗಾಗ ಏಳುತ್ತಲೇ ಇರುತ್ತದೆ. 2024ರಲ್ಲಿ ತೆರೆಕಂಡ ಆನಿಮೇಷನ್ ಚಿತ್ರ ‘ಟ್ರಾನ್ಸ್‌ಫಾರ್ಮರ್ಸ್ ಒನ್’ ವಿಮರ್ಶಕರ ಮೆಚ್ಚುಗೆ ಗಳಿಸಿಯೂ ಗಲ್ಲಾಪೆಟ್ಟಿಗೆಯಲ್ಲಿ ಸೊರಗಿದ ಮೇಲೆ ಆ ಚರ್ಚೆಗೆ ಮತ್ತಷ್ಟು ಕಾವು ಬಂತು. ನನಗೆ ಈ ಬಗ್ಗೆ ಕಿಂಚಿತ್ತೂ ಆತಂಕವಿಲ್ಲ. 1984ರಲ್ಲಿ ಹುಟ್ಟಿದ ಆಪ್ಟಿಮಸ್ ಪ್ರೈಮ್‌ನನ್ನು 1986ರ ಸಿನಿಮಾದಲ್ಲೇ ಕೊಂದಿದ್ದರು. ಮಕ್ಕಳು ಅತ್ತರು, ಮತ್ತೆ ಬದುಕಿಸಿದರು. ಇನ್ನೂ ಎಷ್ಟು ಸಲ ಸತ್ತರೂ ಅವನು ಎದ್ದು ಬರುತ್ತಾನೆ, ಯಾಕೆಂದರೆ ಅವನ ಮೇಲಿನ ಹಕ್ಕು ಹ್ಯಾಸ್‌ಬ್ರೊ ಕಂಪನಿಯ ಕೈಯಲ್ಲಿ ಭದ್ರವಾಗಿದೆ. ಭವಿಷ್ಯದ ಚಿಂತೆ ಮಾಡಬೇಕಾದ್ದು ಇಂಥ ಪಾತ್ರಗಳನ್ನು ತೆರೆಯ ಮೇಲೆ ನಡೆಸಿದ ನಮ್ಮ ವೈಟ್‌ಫೀಲ್ಡಿನ ಹುಡುಗ ಹುಡುಗಿಯರ ಬಗ್ಗೆ.

2023ರ ‘ಟ್ರಾನ್ಸ್‌ಫಾರ್ಮರ್ಸ್: ರೈಸ್ ಆಫ್ ದ ಬೀಸ್ಟ್ಸ್’ ಚಿತ್ರದ ವಿಎಫ್‌ಎಕ್ಸ್ (ದೃಶ್ಯ ಪರಿಣಾಮ) ಮಾಡಿದ ಸ್ಟುಡಿಯೊಗಳಲ್ಲಿ ಎಂಪಿಸಿ ಒಂದು. ಅದು ಟೆಕ್ನಿಕಲರ್ ಸಮೂಹಕ್ಕೆ ಸೇರಿತ್ತು. ಬೆಂಗಳೂರಿನ ಪ್ಯಾಪ್ರಿಕಾಸ್ ಸ್ಟುಡಿಯೊವನ್ನು ತನ್ನದಾಗಿಸಿಕೊಂಡು ಇಲ್ಲಿ ಬೇರುಬಿಟ್ಟ ಈ ಸಮೂಹ ಸಾವಿರಾರು ಜನರಿಗೆ ಕೆಲಸ ಕೊಟ್ಟಿತ್ತು. ಆಸ್ಕರ್ ಪಡೆದ ‘ದ ಜಂಗಲ್ ಬುಕ್’ನ ಪ್ರಾಣಿಗಳಿಗೆ ಜೀವ ತುಂಬುವುದರಲ್ಲಿ ಬೆಂಗಳೂರಿನವರ ಕೈಯೂ ಇತ್ತು. 2024ರ ಡಿಸೆಂಬರಿನಲ್ಲಿ ಇದೇ ಎಂಪಿಸಿ ವಿಎಫ್‌ಎಕ್ಸ್ ಮಾಡಿದ ‘ಮುಫಾಸಾ’ ಬಿಡುಗಡೆಯಾಯಿತು. 2025ರ ಫೆಬ್ರುವರಿ ಕೊನೆಯಲ್ಲಿ ಇಡೀ ಸಮೂಹ ಕುಸಿಯಿತು. ಇಲ್ಲಿನವರಿಗೆ ಸಿಕ್ಕಿದ್ದು ತಿಂಗಳ ಸಂಬಳಕ್ಕೂ ದುಡ್ಡಿಲ್ಲ ಎಂಬ ಉತ್ತರ.

ಇವರು ಮಾಡುತ್ತಿದ್ದ ಕೆಲಸ ಎಂಥದ್ದೆಂದು ಹೊರಗಿನವರಿಗೆ ಗೊತ್ತಾಗುವುದು ಕಷ್ಟ. ತೆರೆಯ ಮೇಲೆ ನಟಿಯೊಬ್ಬಳು ಓಡುತ್ತಾಳೆ, ಅವಳ ಬೆನ್ನ ಹಿಂದೆ ಲಾರಿಯೊಂದು ಮಡಚಿ ಬಿಚ್ಚಿಕೊಂಡು ರೋಬೊ ಆಗಿ ಎದ್ದು ನಿಲ್ಲುತ್ತದೆ. ಚಿತ್ರೀಕರಣದ ದಿನ ಅಲ್ಲಿ ರೋಬೊ ಇರಲಿಲ್ಲ. ಅದನ್ನು ಆಕೆಯ ಹಿಂದೆ ನಿಲ್ಲಿಸಬೇಕಾದರೆ ಮೊದಲು ಆಕೆಯನ್ನು ಹಿನ್ನೆಲೆಯಿಂದ ಬಿಡಿಸಿಕೊಳ್ಳಬೇಕು. ಸೆಕೆಂಡಿಗೆ 24 ಫ್ರೇಮ್, ನಾಲ್ಕು ಸೆಕೆಂಡಿನ ಶಾಟ್ ಆದರೆ 96 ಫ್ರೇಮ್. ಗಾಳಿಗೆ ಹಾರುವ ಕೂದಲು, ಬೆರಳಿನ ಸಂದು, ವೇಗಕ್ಕೆ ಮಸುಕಾದ ತೋಳಿನ ಅಂಚು, ಎಲ್ಲಕ್ಕೂ ಫ್ರೇಮಿನಿಂದ ಫ್ರೇಮಿಗೆ ಗೆರೆ ಎಳೆದು ತಿದ್ದುತ್ತಾ ಹೋಗಬೇಕು. ಇದು ರೋಟೋ. ತಂತಿ, ಕಂಬ, ಬೇಡದ್ದನ್ನೆಲ್ಲ ಅಳಿಸುವುದು ಪೇಂಟ್. ಕ್ಯಾಮೆರಾ ಹೇಗೆ ಚಲಿಸಿತೋ ಅದನ್ನು ಕಂಪ್ಯೂಟರಿನೊಳಗೆ ಮತ್ತೆ ಕಟ್ಟುವುದು ಮ್ಯಾಚ್‌ಮೂವ್. ಕಣ್ಣು ಉರಿಯುವ ಈ ಕೆಲಸಗಳ ದೊಡ್ಡ ಪಾಲು ಬರುವುದು ಭಾರತಕ್ಕೇ. ಲಂಡನ್ನಿನ ಸೂಪರ್‌ವೈಸರ್ ನೋಡಿ ನೋಟ್ಸ್ ಕಳಿಸುವ ಹೊತ್ತಿಗೆ ಇಲ್ಲಿ ಸಂಜೆ. ಅಂದರೆ ತಿದ್ದುವುದು ರಾತ್ರಿ. ಬೆಳಿಗ್ಗೆ ಹೂಡಿಯ ಪಿಜಿಗೆ ಹೋಗಿ ಮಲಗುವ ಈ ಮಕ್ಕಳಲ್ಲಿ ಎಷ್ಟೋ ಜನ ಸಣ್ಣ ಊರುಗಳ ಚಿತ್ರಕಲಾ ಶಾಲೆಗಳಲ್ಲಿ ಕಲಿತು ಬಂದವರು.

ಜಾಗತಿಕ ಕಂಪನಿ ಬಿದ್ದರೆ ಸರ್ಕಾರ ಏನು ಮಾಡಲಾದೀತು ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಯನ್ನು ನಾನು ಒಪ್ಪುವುದಿಲ್ಲ. ಈ ಉದ್ಯಮಕ್ಕಾಗಿಯೇ 2012ರಲ್ಲಿ ಪ್ರತ್ಯೇಕ ನೀತಿ ತಂದ ಮೊದಲ ರಾಜ್ಯ ನಮ್ಮದು. ಈಗಿನ ಎವಿಜಿಸಿ-ಎಕ್ಸ್‌ಆರ್ (ಆನಿಮೇಷನ್, ವಿಎಫ್‌ಎಕ್ಸ್, ಗೇಮಿಂಗ್, ಕಾಮಿಕ್ಸ್, ಎಕ್ಸ್‌ಟೆಂಡೆಡ್ ರಿಯಾಲಿಟಿ) ನೀತಿ 2024ರಿಂದ 2029ರವರೆಗಿನದು. 30,000 ಹೊಸ ಉದ್ಯೋಗ ಅದರ ಗುರಿ. ಉದ್ಯಮದ ವರಮಾನದಲ್ಲಿ ರಫ್ತಿನ ಪಾಲನ್ನು ಶೇ 80ಕ್ಕೆ ಏರಿಸುವುದು ಮತ್ತೊಂದು ಗುರಿ. ಈ ಎರಡನೆಯದರಲ್ಲೇ ಎಡವಟ್ಟಿರುವುದು. ಹೊರಗಿನವರ ಪಾತ್ರಕ್ಕೆ ಹೊರಗಿನವರ ದರದಲ್ಲಿ ದುಡಿದು ಕೊಟ್ಟಷ್ಟೂ ನಾವು ಗೆದ್ದ ಹಾಗೆ ಎಂದು ಸರ್ಕಾರವೇ ಲೆಕ್ಕ ಹಾಕುತ್ತಿದೆ. ಲಾಸ್ ಏಂಜಲೀಸ್‌ನಲ್ಲಿ ಮುಷ್ಕರವಾದರೆ, ಪ್ಯಾರಿಸ್‌ನಲ್ಲಿ ಟೆಕ್ನಿಕಲರ್‌ನ ಸಾಲ ತೀರದಿದ್ದರೆ ಇಲ್ಲಿನ ಸ್ಟುಡಿಯೊದ ದೀಪ ಆರುವುದು ಈ ಲೆಕ್ಕದಿಂದಲೇ. ಮುನ್ಸೂಚನೆ ಇರಲಿಲ್ಲ ಎನ್ನುವಂತೆಯೂ ಇಲ್ಲ. 2013ರಲ್ಲಿ ‘ಲೈಫ್ ಆಫ್ ಪೈ’ಗೆ ವಿಎಫ್‌ಎಕ್ಸ್ ಆಸ್ಕರ್ ಬರುವ ಹೊತ್ತಿಗೆ ಅದನ್ನು ಮಾಡಿದ ರಿದಮ್ ಆ್ಯಂಡ್ ಹ್ಯೂಸ್ ಸ್ಟುಡಿಯೊ ದಿವಾಳಿ ಅರ್ಜಿ ಹಾಕಿಯಾಗಿತ್ತು.

ದುಡಿಯುವವರ ರಕ್ಷಣೆಯ ವಿಷಯದಲ್ಲಿ ಸರ್ಕಾರ ಸುಮ್ಮನಿದ್ದಿದ್ದರೂ ಒಂದು ಮಾತಾಗುತ್ತಿತ್ತು. ಅದು ಇದ್ದ ರಕ್ಷಣೆಯನ್ನೂ ಸಡಿಲಿಸಿತು. ಐಟಿ ಕಂಪನಿಗಳ ಜೊತೆಗೆ ಆನಿಮೇಷನ್, ಗೇಮಿಂಗ್, ಕಂಪ್ಯೂಟರ್ ಗ್ರಾಫಿಕ್ಸ್ ಸಂಸ್ಥೆಗಳಿಗೂ ಕೈಗಾರಿಕಾ ಉದ್ಯೋಗ ಸ್ಥಾಯಿ ಆದೇಶಗಳ ಕಾಯ್ದೆಯಿಂದ 2014ರಲ್ಲಿ ವಿನಾಯಿತಿ ಕೊಟ್ಟರು. ಅವಧಿ ಮುಗಿದಂತೆಲ್ಲ ವಿಸ್ತರಿಸುತ್ತ ಬಂದು, 2024ರಲ್ಲಿ ಮತ್ತೆ ಐದು ವರ್ಷ ಮುಂದುವರಿಸಿದರು. ಐಟಿ ನೌಕರರ ಸಂಘ ಕಿಟು ಇದನ್ನು ಕಟುವಾಗಿಯೇ ವಿರೋಧಿಸಿತ್ತು, ಯಾರೂ ಕಿವಿಗೊಡಲಿಲ್ಲ. ಆ ಕಾಯ್ದೆ ಅನ್ವಯವಾಗಿದ್ದರೂ ದಿವಾಳಿಯಾದ ಕಂಪನಿಯಿಂದ ಸಂಬಳ ಹುಟ್ಟುತ್ತಿರಲಿಲ್ಲ, ನಿಜ. ಆದರೆ ಕೆಲಸದ ಅವಧಿ, ರಜೆ, ವಜಾ ಯಾವುದಕ್ಕೂ ಪ್ರಮಾಣೀಕೃತ ನಿಯಮ ಬೇಕಿಲ್ಲ ಎಂದು ವರ್ಷಗಟ್ಟಲೆ ಹೇಳಿಸಿಕೊಂಡ ಮಾಲೀಕರಿಗೆ ನೌಕರ ಕೊನೆಯ ಸಾಲಿನವನಾಗಿ ಕಂಡರೆ ಆಶ್ಚರ್ಯವೇನು?

ಇನ್ನು ಆ ರೋಬೊಗಳ ಹುಟ್ಟಿನ ಕತೆ. ಟ್ರಾನ್ಸ್‌ಫಾರ್ಮರ್ಸ್‌ನ ಮೂಲ ಆಟಿಕೆಗಳು ಜಪಾನಿನ ಟಕಾರಾ ಕಂಪನಿಯವು. ಅದೇ ಹೆಸರಿನ ಅಮೆರಿಕದ ಟಿವಿ ಸರಣಿಯ ಚಿತ್ರಗಳನ್ನು ಬಿಡಿಸಿದ್ದು ಜಪಾನಿನ ಟೋಯಿ, ಮುಂದೆ ದಕ್ಷಿಣ ಕೊರಿಯಾದ ಎಕಾಮ್. ಅಂದರೆ ಅವರೂ ನಮ್ಮಂತೆಯೇ ಬೇರೆಯವರಿಗೆ ದುಡಿದವರು. ಆದರೆ ಅಷ್ಟಕ್ಕೇ ನಿಲ್ಲಲಿಲ್ಲ. ಜಪಾನಿನವರದೇ ಆದ ‘ಗುಂಡಮ್’ 1979ರಲ್ಲಿ ಟಿವಿಗೆ ಬಂದಾಗ ನೋಡುವವರಿಲ್ಲದೆ ಅವಧಿಗೆ ಮೊದಲೇ ನಿಂತಿತು. ಅದನ್ನು ಉಳಿಸಿದ್ದು ಮರುಪ್ರಸಾರ, ಮತ್ತು ಮರುವರ್ಷ ಬಂಡಾಯ್ ಕಂಪನಿ ತಂದ, ಮಕ್ಕಳೇ ಜೋಡಿಸಬಹುದಾದ ಪ್ಲಾಸ್ಟಿಕ್ ಬಿಡಿಭಾಗಗಳ ಪೆಟ್ಟಿಗೆ. ನಲವತ್ತು ವರ್ಷ ದಾಟಿದರೂ ಆ ರೋಬೊ ಜಪಾನಿಗೆ ದುಡ್ಡು ತರುತ್ತಲೇ ಇದೆ. ಕೊರಿಯಾದವರು 2003ರಲ್ಲಿ ‘ಪೊರೊರೊ’ ಎಂಬ ತಮ್ಮ ಪುಟ್ಟ ಪೆಂಗ್ವಿನ್ನನ್ನು ತಮ್ಮ ಶೈಕ್ಷಣಿಕ ವಾಹಿನಿಯಲ್ಲೇ ತಂದರು. ಟಿವಿ ವಾಹಿನಿಗಳು ಹೊಸ ಕೊರಿಯನ್ ಆನಿಮೇಷನ್‌ಗೆ ಇಂತಿಷ್ಟು ಸಮಯ ಕೊಡಲೇಬೇಕೆಂಬ ನಿಯಮವನ್ನು 2005ರಿಂದ ಜಾರಿಗೊಳಿಸಿದರು. ಇದು ತಾನಾಗಿ ಆದದ್ದಲ್ಲ, ಸರ್ಕಾರ ಹಟ ಹಿಡಿದು ಮಾಡಿಸಿದ್ದು.

ನಮ್ಮಲ್ಲಿ ಏನು ಕಡಿಮೆಯಿದೆ? ವೈಟ್‌ಫೀಲ್ಡಿನಿಂದ ನೇರಳೆ ಮಾರ್ಗದ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿದರೆ ಪೀಣ್ಯ. ಅಲ್ಲಿ ಡೈ, ಮೋಲ್ಡ್ ಮಾಡುವ, ಪ್ಲಾಸ್ಟಿಕ್ ಅಚ್ಚು ಹೊಯ್ಯುವ ವರ್ಕ್‌ಶಾಪ್‌ಗಳು ಬೀದಿ ಬೀದಿಯಲ್ಲಿವೆ. ಆರ್ಡರ್ ಇಲ್ಲದೆ ಮಷೀನ್ ನಿಲ್ಲಿಸುವ ದಿನಗಳೂ ಇವೆ. ಕೊಪ್ಪಳದ ಭಾನಾಪುರದಲ್ಲಿ ಏಕಸ್ ಕಂಪನಿಯ ಆಟಿಕೆ ಕ್ಲಸ್ಟರ್ ಇದೆ, ಆ ಕಂಪನಿಯ ಗ್ರಾಹಕರಲ್ಲಿ ಹ್ಯಾಸ್‌ಬ್ರೊ ಕೂಡ ಒಂದು. ಪಾತ್ರವನ್ನು ಕುಣಿಸಬಲ್ಲವರು ಒಂದು ತುದಿಯಲ್ಲಿ, ಅದರ ಗೊಂಬೆ ಎರಕ ಹೊಯ್ಯಬಲ್ಲವರು ಇನ್ನೊಂದು ತುದಿಯಲ್ಲಿ. ಇವರಿಬ್ಬರನ್ನು ಒಂದು ಮೇಜಿಗೆ ಕೂರಿಸುವ ಕೆಲಸವನ್ನು ಮಹದೇವಪುರದ ಎವಿಜಿಸಿ ಉತ್ಕೃಷ್ಟತಾ ಕೇಂದ್ರ ಮಾಡಬಹುದು. ಆ ಕೇಂದ್ರಕ್ಕೆ ದುಡ್ಡು ಹಾಕಿರುವುದೂ ಸರ್ಕಾರವೇ.

ಕನ್ನಡದ ಆನಿಮೇಷನ್ ನೋಡುವವರು ಯಾರು ಎಂಬ ತಕರಾರು ಬಂದೇ ಬರುತ್ತದೆ. ಡಬ್ಬಿಂಗ್ ಬೇಡವೆಂದು ದಶಕಗಳ ಕಾಲ ಬಾಗಿಲು ಹಾಕಿಕೊಂಡು, 2015ರಲ್ಲಿ ಸ್ಪರ್ಧಾ ಆಯೋಗದಿಂದ ದಂಡ ಹಾಕಿಸಿಕೊಂಡವರು ನಾವು. ಚಿಂಟು ಟಿವಿ ಬಿಟ್ಟರೆ ಬಹುಕಾಲ ನಮ್ಮ ಮಕ್ಕಳಿಗೆ ತಮ್ಮ ನುಡಿಯಲ್ಲಿ ಕಾರ್ಟೂನ್ ಸಿಕ್ಕಿದ್ದೇ ಅಪರೂಪ. ಬಡಿಸದೆ ಇದ್ದು ಹಸಿವಿಲ್ಲ ಎಂದರೆ ಹೇಗೆ? 2025ರಲ್ಲಿ ಹೊಂಬಾಳೆ ಅರ್ಪಿಸಿದ ‘ಮಹಾವತಾರ್ ನರಸಿಂಹ’ಕ್ಕೆ ಜನ ಮಕ್ಕಳನ್ನು ಕರೆದುಕೊಂಡು ಮುಗಿಬಿದ್ದರು. ಆನಿಮೇಷನ್ ಚಿತ್ರಕ್ಕೆ ಈ ದೇಶದಲ್ಲಿ ಪ್ರೇಕ್ಷಕರಿಲ್ಲ ಎಂಬ ಹಳೆಯ ಮಾತು ಅಲ್ಲಿಗೆ ಮುಗಿಯಿತು.

ಹೊರಗಿನ ಕೆಲಸ ಬೇಡ ಎಂದು ನಾನು ಹೇಳುತ್ತಿಲ್ಲ. ಅದರಿಂದ ಕೈ ಪಳಗುತ್ತದೆ, ಮನೆ ನಡೆಯುತ್ತದೆ. ಆದರೆ ಜನರ ತೆರಿಗೆಯಿಂದ ಪ್ರೋತ್ಸಾಹಧನ ಪಡೆಯುವ ಪ್ರತಿ ಸ್ಟುಡಿಯೊ ತನ್ನ ನೌಕರರ ಮೂರು ತಿಂಗಳ ಸಂಬಳಕ್ಕೆ ಬ್ಯಾಂಕ್ ಖಾತರಿ ಇಡಬೇಕು. ಆ ಪ್ರೋತ್ಸಾಹಧನದ ನಿಶ್ಚಿತ ಪಾಲು ಹಕ್ಕು ಇಲ್ಲೇ ಉಳಿಯುವ ಕನ್ನಡ ಸರಣಿಗಳಿಗೆ ಹೋಗಬೇಕು, ಅವು ಚಂದನ ವಾಹಿನಿಯಲ್ಲಿ ಮಕ್ಕಳು ಟಿವಿ ನೋಡುವ ಹೊತ್ತಿನಲ್ಲಿ ಬರಬೇಕು. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಸ್ಥಾಯಿ ಆದೇಶಗಳ ಕಾಯ್ದೆಯಿಂದ ಕೊಟ್ಟಿದ್ದ ಹಳೆಯ ವಿನಾಯಿತಿ ಅವುಗಳಡಿ ಹೊಸ ಹೆಸರಿನಲ್ಲಿ ನುಸುಳಕೂಡದು. ನೀತಿಯ ಅವಧಿ 2029ರವರೆಗೆ ಇದೆ, ತಿದ್ದಲು ಕಾಲ ಮೀರಿಲ್ಲ. ಐಟಿ-ಬಿಟಿ ಇಲಾಖೆ ಮತ್ತು ಕಾರ್ಮಿಕ ಇಲಾಖೆ ಒಟ್ಟಿಗೆ ಕುಳಿತು ಈ ಕೆಲಸ ಮಾಡಲಿ. ನಿಮ್ಮ ಕ್ಷೇತ್ರದ ಶಾಸಕರು ಮುಂದಿನ ಅಧಿವೇಶನದಲ್ಲಿ ಈ ಪ್ರಶ್ನೆ ಎತ್ತುವಂತೆ ನೀವೂ ಅವರಿಗೆ ಒಂದು ಪತ್ರ ಬರೆಯಿರಿ.