ಮಾತ್ರೆ ಬದಲಾದಾಗ ಮನೆಯವರ ಹೊಣೆ

ಖಿನ್ನತೆಗೆ ಕೊಡುವ ಮಾತ್ರೆ ಎಲ್ಲರಿಗೂ ಒಂದೇ ರೀತಿ ಹಿಡಿಸುವುದಿಲ್ಲ. ಅದರ ಪೂರ್ಣ ಪರಿಣಾಮ ಕಾಣಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಅಷ್ಟಾದರೂ ಗುಣ ಕಾಣದಿದ್ದರೆ ಅಥವಾ ಅಡ್ಡ ಪರಿಣಾಮ ಸಹಿಸಲಾಗದಿದ್ದರೆ ವೈದ್ಯರು ಬೇರೆ ಮಾತ್ರೆ ಬರೆಯುತ್ತಾರೆ. ಅದರರ್ಥ ಕಾಯಿಲೆ ಕೈಮೀರಿತು ಎಂದಲ್ಲ.

ಆದರೆ ಈ ಬದಲಾವಣೆಯ ದಿನಗಳಲ್ಲಿ ಎರಡು ತಪ್ಪುಗಳಾಗುತ್ತವೆ. ಮೊದಲನೆಯದು, ಹಳೆಯ ಮಾತ್ರೆಯನ್ನು ನಾವೇ ಥಟ್ಟನೆ ನಿಲ್ಲಿಸುವುದು. ಪ್ಯಾರೊಕ್ಸೆಟಿನ್, ವೆನ್ಲಾಫ್ಯಾಕ್ಸಿನ್‌ನಂಥವು ದೇಹದಿಂದ ಬೇಗ ಹೊರಹೋಗುತ್ತವೆ. ಆಗ ತಲೆಸುತ್ತು, ವಾಕರಿಕೆ, ಸಿಡುಕು, ನಿದ್ರಾಭಂಗ, ತಲೆಯೊಳಗೆ ಕರೆಂಟ್ ಹೊಡೆದಂಥ ಅನುಭವ ಉಂಟಾಗಬಹುದು. "ನೋಡಿ, ಮಾತ್ರೆ ಚಟವಾಗಿದೆ" ಎಂದು ಮನೆಯವರು ದೂರುತ್ತಾರೆ. ಅದು ಚಟವಲ್ಲ, ಒಮ್ಮೆಲೇ ನಿಲ್ಲಿಸಿದ್ದರ ಫಲ.

ಎರಡನೆಯದು, ಹಳೆಯದು ಉಳಿದಿದೆಯೆಂದು ಹೊಸದರ ಜೊತೆ ಅದನ್ನೂ ನುಂಗುವುದು. ಇವುಗಳಲ್ಲಿ ಹೆಚ್ಚಿನವು ಸೆರೊಟೋನಿನ್ ಎಂಬ ರಾಸಾಯನಿಕದ ಪ್ರಭಾವವನ್ನು ಹೆಚ್ಚಿಸುತ್ತವೆ. ಅದು ಮಿತಿಮೀರಿದರೆ ನಡುಕ, ವಿಪರೀತ ಬೆವರು, ಜ್ವರ, ಎದೆಬಡಿತ, ಸ್ನಾಯು ಬಿಗಿತ, ಗೊಂದಲ ಕಾಣಿಸಿಕೊಳ್ಳುತ್ತವೆ. ಆಗ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ವೈದ್ಯರು ಕೆಲವೊಮ್ಮೆ ಹಳೆಯದನ್ನು ನಿಲ್ಲಿಸಿ ಮರುದಿನವೇ ಹೊಸದನ್ನು ಕೊಡುತ್ತಾರೆ. ಕೆಲವೊಮ್ಮೆ ಒಂದನ್ನು ಇಳಿಸುತ್ತಾ ಇನ್ನೊಂದನ್ನು ಏರಿಸುತ್ತಾರೆ. ಕೆಲವೊಮ್ಮೆ ನಡುವೆ ಬಿಡುವು ಕೊಡುತ್ತಾರೆ. ಫ್ಲೂಒಕ್ಸೆಟಿನ್ ನಿಲ್ಲಿಸಿದ ಮೇಲೂ ಅದರ ಅಂಶ ವಾರಗಟ್ಟಲೆ ದೇಹದಲ್ಲಿರುತ್ತದೆ. ಎಂಎಒಐ ಎಂಬ ಗುಂಪಿನ ಔಷಧ ಆರಂಭಿಸಲು 5 ವಾರ ಕಾಯಲೇಬೇಕು. ಆದ್ದರಿಂದ ನೆರೆಮನೆಯವರ ಚೀಟಿ ನಮಗೆ ಒಗ್ಗದು.

ನಮ್ಮಲ್ಲಿ ದೊಡ್ಡ ಅಪಾಯವೆಂದರೆ ಗುಟ್ಟು. "ಮಾನಸಿಕ ರೋಗಿ" ಎಂಬ ಹಣೆಪಟ್ಟಿಗೆ ಹೆದರಿ ಎಷ್ಟೋ ಸೊಸೆಯಂದಿರು ಅಕ್ಕಿ ಡಬ್ಬದ ಹಿಂದೆ ಮಾತ್ರೆ ಬಚ್ಚಿಡುತ್ತಾರೆ. ಅದೇ ಗುಟ್ಟಿನಿಂದ ನೋವಿಗೆ ಬೇರೆ ವೈದ್ಯರ ಬಳಿ ಹೋದಾಗಲೂ ಹೇಳುವುದಿಲ್ಲ. ಟ್ರಮಡಾಲ್ ಎಂಬ ನೋವಿನ ಮಾತ್ರೆಯೂ ಇವುಗಳೊಡನೆ ಸೇರಿ ಅದೇ ತೊಂದರೆ ತರಬಲ್ಲದು. ಗರ್ಭಿಣಿಯಾಗಿದ್ದರೆ, ಹಾಲೂಡಿಸುತ್ತಿದ್ದರೆ ಅದನ್ನೂ ಹೇಳಲೇಬೇಕು.

ಮನೆಯವರೇ, ಯಾವ ದಿನ ಯಾವ ಮಾತ್ರೆ ಎಷ್ಟು ಎಂಬುದನ್ನು ವೈದ್ಯರಿಂದ ಬರೆಸಿಕೊಂಡು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಉಳಿದ ಸ್ಟ್ರಿಪ್‌ಗಳನ್ನು ಬೇರೆಯಾಗಿಡಿ. ಮೊದಲ ವಾರಗಳಲ್ಲಿ ಆಕೆಯನ್ನು ಒಂಟಿಯಾಗಿ ಬಿಡಬೇಡಿ. ಚಡಪಡಿಕೆ ಹೆಚ್ಚಿದರೆ, ಸಾವಿನ ಮಾತು ಬಂದರೆ ಗದರಿಸದೆ ಅಂದೇ ವೈದ್ಯರನ್ನು ಕಾಣಿ. 2022ರಲ್ಲಿ ಆರಂಭವಾದ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳೂ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಸಕ್ಕರೆ ಕಾಯಿಲೆಯ ಮಾತ್ರೆ ಬದಲಾದರೆ ನಾವು ನಾಚುವುದಿಲ್ಲ. ಇದಕ್ಕೇಕೆ ನಾಚಬೇಕು?