ಜೇಡದ ನೂಲು ಒಂದಲ್ಲ, ಹಲವು

ಜೇಡರ ಬಲೆಯ ಎಳೆ ಉಕ್ಕಿಗಿಂತ ಗಟ್ಟಿ ಎಂಬ ಮಾತನ್ನು ನಮ್ಮ ವಿದ್ಯಾರ್ಥಿಗಳು ಮಗ್ಗಿಯಂತೆ ಒಪ್ಪಿಸುತ್ತಾರೆ. ಭೌತಶಾಸ್ತ್ರವನ್ನು ಬೋಧಿಸುವ ನಮಗೆ ಈ ಮಾತು ಅಷ್ಟಾಗಿ ರುಚಿಸದು. ಉತ್ತಮ ದರ್ಜೆಯ ಉಕ್ಕಿನ ತಂತಿ ತುಂಡಾಗಲು ಚದರ ಮಿಲಿಮೀಟರಿಗೆ ಸುಮಾರು ೧,೫೦೦ ನ್ಯೂಟನ್ ಸೆಳೆತ ಬೇಕು. ಜೇಡವು ಇಳಿಬಿದ್ದು ತೂಗುವ ಎಳೆಗೆ ಸುಮಾರು ೧,೧೦೦ ಸಾಕು. ಸಮತೂಕದಲ್ಲಿ ಹೋಲಿಸಿದಾಗ ಮಾತ್ರ ಜೇಡಕ್ಕೆ ಜಯ. ಉಕ್ಕಿನ ಸಾಂದ್ರತೆ ಅದರ ಆರು ಪಟ್ಟು. ನಿಜವಾದ ಹೆಚ್ಚುಗಾರಿಕೆ ಬೇರೆಡೆಗಿದೆ. ಅಂಥ ಉಕ್ಕು ನೂರಕ್ಕೆ ಒಂದು ಪಾಲೂ ಹಿಗ್ಗದೆ ತುಂಡಾಗುತ್ತದೆ. ಈ ಎಳೆಯಾದರೋ ನೂರಕ್ಕೆ ೨೭ ಪಾಲಿನಷ್ಟು ಹಿಗ್ಗಿ, ಹಾರಿಬಂದು ಬಿದ್ದ ಕೀಟದ ರಭಸವನ್ನು ನುಂಗಿಕೊಳ್ಳುತ್ತದೆ.

ಚಿಮ್ಮಡದಿಂದ ಬನಹಟ್ಟಿ, ರಬಕವಿಗಳತ್ತ ಹೋಗಿಬರುವವರಿಗೆ ಮಗ್ಗದ ಸದ್ದು ಹೊಸದಲ್ಲ. ಹಾಸಿಗೊಂದು ನೂಲು, ಹೊಕ್ಕಿಗೊಂದು ನೂಲು ಇರಬಹುದೆಂಬುದನ್ನು ಅಲ್ಲಿಯ ಮಕ್ಕಳೂ ಬಲ್ಲರು. (ಕನ್ನಡದಲ್ಲಿ ಜೇಡನೆಂದರೆ ನೇಕಾರನೂ ಹೌದು, ವಚನಕಾರ ಜೇಡರ ದಾಸಿಮಯ್ಯನನ್ನು ನೆನೆಯಿರಿ.) ಚಕ್ರಾಕಾರದ ಬಲೆ ಹೆಣೆಯುವ ಜೇಡಕ್ಕೂ ಅರಗಳಿಗೊಂದು ಎಳೆ, ಸುರುಳಿಗೊಂದು ಎಳೆ. ಸುರುಳಿಯ ಎಳೆ ತನ್ನ ಉದ್ದದ ಎರಡೂವರೆ ಪಟ್ಟಿಗೂ ಹೆಚ್ಚು ಹಿಗ್ಗಬಲ್ಲದು! ಒಂದೊಂದಕ್ಕೂ ಬೇರೆ ಗ್ರಂಥಿ, ಬೇರೆ ಪ್ರೋಟೀನು, ಬೇರೆ ಜೀನು. ಅಮೆರಿಕದ ಹೊಂಬಣ್ಣದ ಬಲೆಯ ಜೇಡವೊಂದರಲ್ಲಿ ಇಂಥ ೨೮ ಜೀನುಗಳಿರುವ ಸಂಗತಿ ೨೦೧೭ರಲ್ಲಿ ಪ್ರಕಟವಾಯಿತು.

ಈ ಜೀನುಗಳ ರಚನೆ ವಿಚಿತ್ರವಾದುದು. ಎರಡು ತುದಿಗಳು ವಂಶದಿಂದ ವಂಶಕ್ಕೆ ಹೆಚ್ಚು ಬದಲಾಗದೆ ಉಳಿದಿವೆ; ನಡುವೆ ಒಂದೇ ಪಾಠವು ಮತ್ತೆ ಮತ್ತೆ ಬರುತ್ತದೆ. ಅಲನೀನ್ ಸಾಲುಗಟ್ಟಿದಲ್ಲಿ ಪ್ರೋಟೀನು ಸೂಕ್ಷ್ಮ ಹರಳಾಗಿ ಬಲ ಕೊಡುತ್ತದೆ; ಗ್ಲೈಸೀನಿನೊಡನೆ ಪ್ರೋಲೀನ್ ಸೇರಿದಲ್ಲಿ ಎಳೆ ಹಿಗ್ಗುತ್ತದೆ. ಒಂದೇ ಸಾಲು ಪದೇ ಪದೇ ಬರುವ ಬರಹವನ್ನು ನಕಲು ಮಾಡುವವನು ಸಾಲು ತಪ್ಪುವಂತೆ, ಇಲ್ಲಿಯೂ ಪುನರಾವೃತ್ತಿಗಳು ಕೂಡುತ್ತವೆ, ಕಳೆಯುತ್ತವೆ. ಆದುದರಿಂದ ಒಂದೇ ಜಾತಿಯ ಎರಡು ಜೇಡಗಳಲ್ಲಿಯೂ ಈ ಜೀನಿನ ಉದ್ದ ಬೇರೆಯಾಗಿರಬಹುದು. ಇಡೀ ಜೀನೇ ಇಮ್ಮಡಿಸಿದಾಗ ಒಂದು ಪ್ರತಿ ಹಳೆಯ ಕೆಲಸವನ್ನು ನಡೆಸುತ್ತಿರಲು, ಇನ್ನೊಂದು ಹೊಸ ಎಳೆಯತ್ತ ಸಾಗಬಲ್ಲದು. ನೇಕಾರನು ದೋಷವೆನ್ನುವ ಏರುಪೇರೇ ವಿಕಾಸಕ್ಕೆ ಬಂಡವಾಳವಾಗಿದೆ.

ಚೀನಾದ ವಿಜ್ಞಾನಿಗಳು ಜೇಡದ ಜೀನನ್ನು ರೇಷ್ಮೆಹುಳುವಿಗೆ ಕೂಡಿಸಿ ಎಳೆ ತೆಗೆದುದು ೨೦೨೩ರಲ್ಲಿ ವರದಿಯಾಯಿತು. ಇನ್ನು ಜೇಡದ ಹಂಗೇಕೆ ಎಂದು ಕೇಳುವವರುಂಟು. ನಾವು ಇದನ್ನೊಪ್ಪೆವು. ಅದು ಒಂದು ಜೇಡದ ಒಂದು ಬಗೆಯ ಎಳೆ ಮಾತ್ರ. ೨೦೨೨ರಲ್ಲಿ ಪ್ರಕಟವಾದ ಜಪಾನೀ ನೇತೃತ್ವದ ಸಮೀಕ್ಷೆಯು ಸಾವಿರಕ್ಕೂ ಮಿಕ್ಕ ಜಾತಿಗಳನ್ನು ಪರಿಶೀಲಿಸಿತು. ಹೆಸರಿಟ್ಟ ಜಾತಿಗಳೇ ೫೦,೦೦೦ಕ್ಕೂ ಹೆಚ್ಚಿವೆ. ಕಬ್ಬು, ಜೋಳದ ಹೊಲದಲ್ಲಿ ಪೀಡೆಯ ಕೀಟಗಳನ್ನು ತಿನ್ನುವ ಜೇಡವು ನಾವು ಸಿಂಪಡಿಸುವ ಕೀಟನಾಶಕಕ್ಕೆ ತಾನೂ ಬಲಿಯಾಗುವುದುಂಟು. ಒಂದು ಜಾತಿ ಅಳಿದರೆ ಅದರ ಪಾಠವೂ ಓದುವ ಮೊದಲೇ ಅಳಿಯುತ್ತದೆ.

ಜಮಖಂಡಿ, ಮುಧೋಳ, ಬೀಳಗಿಗಳ ಸೀಮೆಯ ಕಾಲೇಜುಗಳು ತಮ್ಮ ಸುತ್ತಲಿನ ಜೇಡಗಳನ್ನು ಪಟ್ಟಿ ಮಾಡಬೇಕೆಂದು ನಮ್ಮ ಅಭಿಮತ. ಜೀವಶಾಸ್ತ್ರದವರು ಜಾತಿಯನ್ನು ಗುರುತಿಸಲಿ. ಭೌತಶಾಸ್ತ್ರದವರು ಎಳೆಗೆ ಕಾಗದದ ಚೂರುಗಳನ್ನು ತೂಗಹಾಕಿ ಹಿಗ್ಗನ್ನು ಅಳೆಯಲಿ. ಎಳೆಯ ದಪ್ಪಕ್ಕೆ ಲೇಸರ್ ಬೆಳಕಿನ ವಿವರ್ತನೆಯೇ ಸಾಕು. ತಲೆಗೂದಲನ್ನು ಅಳೆಯುವ ರೀತಿಯೇ ಅದು, ಉಪಕರಣವೂ ಅದೇ.