ಕಾಯಕ ಚಿಂತನ: ಗರಗಸದ ಹಲ್ಲು



ಕಟ್ಟಿಗೆ ಮಾರುವುದನ್ನೇ ಕಾಯಕವಾಗಿಸಿಕೊಂಡವರು ಮೋಳಿಗೆಯ ಮಾರಯ್ಯನವರು. ಬಿಡುವಿನಲ್ಲಿ ಚೈನ್‌ಸಾದಿಂದ ದಿಮ್ಮಿ ಸೀಳಿ ಹಲಗೆ ಮಾಡುವವರಿಗೂ ಉಪಕರಣದ ಶುದ್ಧಿ ಅವಶ್ಯ.

ಮರವನ್ನು ಅಡ್ಡ ಕೊಯ್ಯುವಾಗ ಚಕ್ಕೆಗೆ ಬದಲು ಹುಡಿ ಉದುರಿದರೆ ಹಲ್ಲು ಮೊಂಡಾಗಿದೆಯೆಂದರ್ಥ. ಉದ್ದಕ್ಕೆ ಸೀಳುವಾಗ ಹುಡಿ ಸಹಜ. ಅಲ್ಲಿ ಒತ್ತಿದಲ್ಲದೆ ಗರಗಸ ಸಾಗದಿರುವುದೇ ಮೊಂಡುತನದ ಲಕ್ಷಣ. ಒತ್ತಿದಷ್ಟೂ ಎಂಜಿನ್ ಬಿಸಿಯೇರುವುದು, ಕೈಗೂ ಅಪಾಯ.

ಎಂಜಿನ್ ನಿಲ್ಲಿಸಿ, ಕೈಗವಸು ತೊಟ್ಟು, ಪ್ರತಿ ಹಲ್ಲನ್ನೂ ಅರದಿಂದ ಸಮನಾಗಿ ಉಜ್ಜಬೇಕು. ಒಂದು ಪಕ್ಕದ ಹಲ್ಲುಗಳು ಸವೆದು ಗಿಡ್ಡವಾದರೆ ಕೊಯ್ತ ಓರೆಯಾಗುವುದು. ಅಡ್ಡ ಕೊಯ್ಯುವ ಸರಪಳಿಯ ಹಲ್ಲಿಗೆ 25ರಿಂದ 35 ಡಿಗ್ರಿ ಕೋನ. ಸೀಳುವ ಸರಪಳಿಗೆ ಸುಮಾರು 10 ಡಿಗ್ರಿ ಸಾಕು. ಇಂಧನ ತುಂಬಿದಾಗಲೆಲ್ಲ ಸರಪಳಿಯ ಎಣ್ಣೆಯನ್ನೂ ತುಂಬಬೇಕು. ಏರ್ ಫಿಲ್ಟರಿನ ಹುಡಿ ಕೊಡವಬೇಕು.

ಆಯುಧವನ್ನು ಅಣಿಗೊಳಿಸುವುದೂ ಕಾಯಕದ ಭಾಗವೇ. ಅದಕ್ಕೆ ವ್ಯಯಿಸಿದ ಸಮಯ ಕೈಯನ್ನೂ ಕಾಯುವುದು, ಮರವನ್ನೂ ಉಳಿಸುವುದು.